ವೀರನಿಗೊಬ್ಬ ಸೋದರಮಾವ

ಒಬ್ಬ ವೀರನನ್ನು ಹುಟ್ಟಿಸಲಿಕ್ಕೆ ಏನೇನು ಬೇಕು? ಕುಂತಿಗೆ ಒಂದು ಮಂತ್ರ ಸಾಕಾಯಿತು. ದ್ರುಪದನಿಗೆ ಯಜ್ಞಕುಂಡವೇ ಬೇಕಾಯಿತು. ಗಾಂಧಾರಿಗೆ ತುಪ್ಪ ತುಂಬಿದ ನೂರೊಂದು ಕೊಡಗಳು ಬೇಕಾದವು. ಅಷ್ಟು ತುಪ್ಪ ಸುರಿದರೂ ಹುಟ್ಟಿದವರಲ್ಲಿ ನಮಗೆ ಹೆಸರು ನೆನಪಿರುವುದು ಮೂರೋ ನಾಲ್ಕೋ ಮಂದಿಯದು. ನನ್ನ ಸೋದರಳಿಯ ಕೇಳಿದ್ದು ನಾಲ್ಕು ದಾಳ, ಒಂದು ಪೆನ್ಸಿಲ್, ಎರಡೂ ಬದಿಗೆ ಚೌಕ ಚೌಕಗಳಿದ್ದ ಒಂದು ಹಾಳೆ. ಅರ್ಧ ಗಂಟೆಯ ಕೆಲಸ ಎಂದಿದ್ದ. ಕಾರವಾರದ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಆಷಾಢದಲ್ಲಿ ಶುರುವಾದ ಆ ಕೆಲಸ ಶ್ರಾವಣಕ್ಕೆ ಮುಟ್ಟಿತು.

ಅಳಿಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವ. ಮಳೆಗಾಲದಲ್ಲಿ ಮನೆಯಿಂದಲೇ ಕೆಲಸ ಎಂದು ಲ್ಯಾಪ್‌ಟಾಪು ಕಟ್ಟಿಕೊಂಡು ಬರುವಾಗ ಈ ಆಟದ ಡಬ್ಬಿಯನ್ನೂ ತಂದಿದ್ದ. ನಾನು ಅಂಕೋಲೆಯವ, ಮಳೆ ಜೋರಾದಾಗ ಅಕ್ಕನ ಮನೆಗೆ ಬಂದು ಕೂರುವುದು ನನ್ನ ವಾಡಿಕೆ. ಕಾರವಾರದ ಜುಲೈ ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರು, ಅದರಲ್ಲಿ ದೊಡ್ಡ ಪಾಲು ಜೂನ್-ಜುಲೈಗಳದೇ. ಟಾಗೋರ್ ಕಡಲತೀರಕ್ಕೆ ತಿರುಗಾಡಲು ಹೋದರೆ ಕೊಡೆ ಮಗುಚಿಕೊಂಡು ಬರುತ್ತದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಇಳಿಯುವ ಹಾಗಿಲ್ಲ. ಬೈತಖೋಲದ ಬಂದರಿನಲ್ಲಿ ದೋಣಿಗಳು, ಜಗಲಿಗಳಲ್ಲಿ ಗಂಡಸರು, ಸಾಲಾಗಿ ಕೂತಿರುತ್ತಾರೆ. ಹಸಿಮೀನು ಕಾಣದ ಕರಾವಳಿಯ ಮನುಷ್ಯ ಎಂಥ ವಾದಕ್ಕೂ ತಯಾರು. ನಮ್ಮಲ್ಲಿ ತಾಳಮದ್ದಲೆ ಮಳೆಗಾಲದಲ್ಲೇ ಹೆಚ್ಚಲು ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವುದೇ ಕಾರಣ ಎಂದು ತಿಳಿದವರು ಹೇಳುತ್ತಾರೆ. ಬಂಗಡೆಯ ಅಭಾವವನ್ನೂ ಅವರು ಲೆಕ್ಕಕ್ಕೆ ಹಿಡಿಯಬೇಕು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಟದ್ದು. ಕಟ್ಟಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ವಿಮಾ ಕಂಪನಿಯ ನೌಕರಿ ಹೋದ ಮೇಲೆ ಮನೆಯ ನೆಲಮಾಳಿಗೆಯಲ್ಲಿ ಬೂಟು ರಿಪೇರಿ ಮಾಡಿಕೊಂಡಿದ್ದವ. ಮೊದಲು ಅಚ್ಚು ಹಾಕಿಸಿದ್ದು 1000 ಪ್ರತಿ. ಈಗ ಜಗತ್ತೆಲ್ಲ ಆಡುತ್ತದೆ. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕಥೆ ನಡೆಸುವವ, ಅವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಉಳಿದವರಿಗೆ ಒಂದೊಂದು ಪಾತ್ರ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. "ಎದುರಿಗೆ ಗುಹೆ ಇದೆ, ಒಳಗಿಂದ ಗೊರಕೆ ಕೇಳುತ್ತದೆ, ಏನು ಮಾಡುತ್ತೀರಿ?" ಎಂದು ಮಾಸ್ಟರ್ ಕೇಳುತ್ತಾನೆ. ಏನಾದರೂ ಮಾಡಬಹುದು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ.

"ಇದು ತಾಳಮದ್ದಲೆಯೇ ಅಲ್ಲವೇನಾ?" ಎಂದೆ.

"ಹಾಗೇ ಅಂದ್ಕೊಳ್ಳಿ ಮಾವ. ಭಾಗವತ ನಾನು" ಎಂದ ಅಳಿಯ.

ಭಾವ ನಿವೃತ್ತ ಗಣಿತ ಮಾಸ್ತರರು. ಮನೆಯಲ್ಲಿ ಮಾಸ್ತರರ ಹುದ್ದೆ ಖಾಲಿ ಇಲ್ಲ ಎಂಬಂತೆ ಕನ್ನಡಕದ ಮೇಲಿನಿಂದ ಮಗನನ್ನು ನೋಡಿದರು. ಆದರೆ ದಾಳ ಕಂಡ ಮೇಲೆ ಅವರಿಗೆ ಪೇಪರು ಓದುವುದಾಗಲಿಲ್ಲ. ನಿಯಮ ಹೀಗೆ: ವೀರನಿಗೆ ಆರು ಗುಣ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಒಂದೊಂದಕ್ಕೂ ಆರು ಮುಖದ ನಾಲ್ಕು ದಾಳ ಎಸೆಯಬೇಕು, ಚಿಕ್ಕದೊಂದನ್ನು ಬಿಟ್ಟು ಉಳಿದ ಮೂರನ್ನು ಕೂಡಿಸಬೇಕು. ಕನಿಷ್ಠ 3, ಗರಿಷ್ಠ 18. ಭಾವ ಪೇಪರಿನ ಅಂಚಿನಲ್ಲೇ ಲೆಕ್ಕ ಮಾಡಿದರು. ನಾಲ್ಕು ದಾಳ ಬೀಳುವ ಬಗೆ 1296. ಅದರಲ್ಲಿ 18 ಕೊಡುವುದು ಬರೇ 21. "ನೂರಕ್ಕೆ ಎರಡೂ ಬೀಳುವುದಿಲ್ಲ. ಎಲ್ಲದರಲ್ಲೂ ಹದಿನೆಂಟು ಇರುವವ ಬೇಕಾದರೆ ಹೆಣ್ಣಿನ ಕಡೆಯವರೇ ಹುಡುಕಬೇಕು" ಎಂದರು.

ನಾನು ದಾಳಕ್ಕೆ ಕೈ ಹಾಕಿದೆ. ಅಕ್ಕ ಒಳಗಿನಿಂದ ಕೂಗಿದಳು: "ತಮಾ, ಸೋದರಮಾವನ ಕೈಗೆ ದಾಳ ಕೊಡಬೇಡ. ಮಹಾಭಾರತ ಆದದ್ದು ಹಾಗೇ."

ಕಡೆಗೆ ಅವಳೇ ಬಂದು ಎಸೆದಳು. ಬಲ 9. ಚುರುಕು 13. ತಾಳಿಕೆ 15. ಬುದ್ಧಿ 11. ವಿವೇಕ 8. ವರ್ಚಸ್ಸು 16. ಬಂದ ಅಂಕಗಳನ್ನು ಬೇಕಾದ ಗುಣಕ್ಕೆ ಹಂಚಿಕೊಳ್ಳಬಹುದು ಎಂದ ಅಳಿಯ. ಭಾವ ಒಪ್ಪಲಿಲ್ಲ. ಹಳೆಯ ನಿಯಮದಲ್ಲಿ ಬಿದ್ದ ಕ್ರಮದಲ್ಲೇ ಬರೆಯುತ್ತಿದ್ದರು ಎಂಬುದನ್ನು ಅವರು ಅಷ್ಟರಲ್ಲಿ ಮೊಬೈಲಿನಲ್ಲಿ ಹುಡುಕಿ ಇಟ್ಟುಕೊಂಡಿದ್ದರು. "ಹಣೆಬರಹ ಅದಲು ಬದಲು ಮಾಡುವ ಸವಲತ್ತು ಬ್ರಹ್ಮನೇ ಕೊಟ್ಟಿಲ್ಲ, ನೀ ಯಾವನೋ ಕೊಡಲಿಕ್ಕೆ?"

ಬುದ್ಧಿ ಬೇರೆ, ವಿವೇಕ ಬೇರೆ ಏಕೆ ಎಂದು ನಾನು ಕೇಳಿದ್ದಕ್ಕೆ ಅಳಿಯ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅಕ್ಕ ಒಂದೇ ಉಸಿರಿಗೆ ಬಿಡಿಸಿದಳು. ಅಂಕೋಲೆ ಪೇಟೆಯಲ್ಲಿ ಮೀನಿನ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ಹೇಳುವುದು ಬುದ್ಧಿ. ಕಿವಿರು ನೋಡಿದ್ದು ಮಾರುವವಳಿಗೆ ಗೊತ್ತಾಗದ ಹಾಗೆ ನೋಡುವುದು ವಿವೇಕ. ಗೊತ್ತಾದ ಮೇಲೂ ಅವಳಿಂದ ಬೈಸಿಕೊಳ್ಳದೆ ಇಪ್ಪತ್ತು ರೂಪಾಯಿ ಕಡಿಮೆಗೆ ತರುವುದು ವರ್ಚಸ್ಸು. ನಮ್ಮ ವೀರನಿಗೆ ಮೊದಲನೆಯದು ಸುಮಾರು, ಎರಡನೆಯದು ಇಲ್ಲ, ಮೂರನೆಯದು ಭರ್ತಿ. "ಚುನಾವಣೆಗೆ ನಿಲ್ಲಿಸಬಹುದು" ಎಂದರು ಭಾವ.

ಇಲ್ಲಿಯವರೆಗೆ ಎಲ್ಲ ಸುಸೂತ್ರ. ಸಿಕ್ಕಿಬಿದ್ದದ್ದು ಪೂರ್ವಕಥೆಯಲ್ಲಿ.

ಹಾಳೆಯ ಹಿಂಬದಿಯಲ್ಲಿ ವೀರನ ಪೂರ್ವಕಥೆಗೆಂದು ಒಂದು ದೊಡ್ಡ ಚೌಕವಿದೆ. ಬೆಂಗಳೂರಿನಲ್ಲಿ ಆಡುವ ಗೆಳೆಯರು ಅದನ್ನು ಎರಡು ನಿಮಿಷದಲ್ಲಿ ತುಂಬುತ್ತಾರಂತೆ. ಅಳಿಯನೂ ಬರೆದೇಬಿಟ್ಟ: ಹೆಸರು ಥಾಲಿಯನ್, ತಂದೆ ತಾಯಿಯನ್ನು ಡ್ರ್ಯಾಗನ್ ಸುಟ್ಟಿತು, ಊರು ಬೂದಿಯಾಯಿತು, ಒಬ್ಬನೇ ಕಾಡಿನಲ್ಲಿ ಬೆಳೆದ, ಸೇಡಿಗಾಗಿ ಹೊರಟ.

ಅಕ್ಕ ಒಲೆ ಸಣ್ಣ ಮಾಡಿ ಬಂದು ಕುರ್ಚಿ ಎಳೆದುಕೊಂಡಳು.

"ಥಾಲಿ ಎಂತದಾ? ಮೀನಿನದ್ದೋ, ಸಸ್ಯಾಹಾರಿಯೋ?"

"ಆಯಿ, ಅದು ಹೆಸರು."

"ಇರಲಿ. ಅಪ್ಪ ಅಮ್ಮ ಇಬ್ಬರೂ ಒಟ್ಟಿಗೇ ಹೋದರಾ? ಹದಿಮೂರನೇ ದಿನದ ಊಟ ಯಾರು ಹಾಕಿಸಿದರು?"

ಅಳಿಯನ ಹತ್ತಿರ ಉತ್ತರ ಇರಲಿಲ್ಲ. ಐವತ್ತು ವರ್ಷದಿಂದ ಜಗತ್ತಿನಾದ್ಯಂತ ಈ ಆಟದಲ್ಲಿ ಲಕ್ಷಗಟ್ಟಲೆ ತಂದೆ ತಾಯಂದಿರು ಸತ್ತಿದ್ದಾರೆ, ಒಬ್ಬರ ದಿನಕರ್ಮದ ವಿಚಾರವೂ ಯಾವ ನಿಯಮದ ಪುಸ್ತಕದಲ್ಲೂ ಬಂದಿಲ್ಲ.

"ಚಿಕ್ಕಪ್ಪ ದೊಡ್ಡಪ್ಪ ಇಲ್ಲವಾ? ಅಜ್ಜಿ? ಹೋಗಲಿ, ಸೋದರಮಾವ ಎಲ್ಲಿದ್ದ? ಹುಡುಗ ಕಾಡಿನಲ್ಲಿ ಬೆಳೆಯುವಾಗ ಮಾವ ಅನ್ನಿಸಿಕೊಂಡವ ಬಂದು ಕರಕೊಂಡು ಹೋಗಬೇಕೋ ಬೇಡವೋ?" ಹೀಗೆ ಕೇಳುವಾಗ ಅವಳು ಮಗನನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಳು. ಮಾಡದ ತಪ್ಪಿಗೆ ನಾನು ತಲೆ ತಗ್ಗಿಸಿದೆ.

"ಆಯಿ, ಅವನು ಅನಾಥ. ಅನಾಥನಾದರೇ ಸಾಹಸಕ್ಕೆ ಹೊರಡಲು ಸುಲಭ."

"ಅದಕ್ಕೇ ಹೇಳಿದ್ದು. ಮನೆಯಲ್ಲಿ ಕೇಳುವವರಿದ್ದರೆ ಡ್ರ್ಯಾಗನ್ ಇರುವಲ್ಲಿಗೆ ಯಾರು ಕಳಿಸುತ್ತಿದ್ದರು?"

ಈ ಮಾತಿಗೆ ಆಟದ ಇಡೀ ಕಟ್ಟೋಣವೇ ಸ್ವಲ್ಪ ಅಲುಗಾಡಿತು ಎಂದು ನನ್ನ ಅಭಿಪ್ರಾಯ. ಕಾರವಾರದಿಂದ ಅಂಕೋಲೆಗೆ ಬಸ್ಸು ಹತ್ತಿದವನನ್ನು ಬಿಣಗಾ ದಾಟುವಷ್ಟರಲ್ಲಿ ಪಕ್ಕದವರು ಯಾವ ಊರು ಎಂದು ಕೇಳಿರುತ್ತಾರೆ. ಚೆಂಡಿಯಾದ ಹೊತ್ತಿಗೆ "ಯಾರ ಪೈಕಿ?" ಬರುತ್ತದೆ. ಅಮದಳ್ಳಿಯಲ್ಲಿ ಅಜ್ಜಿಯ ತವರು ತಿಳಿಯುತ್ತದೆ. ಹಾರವಾಡ ಬರುವುದರೊಳಗೆ ಎಲ್ಲಿಯೋ ಒಂದು ಮದುವೆಯ ಕೊಂಡಿ ಸಿಕ್ಕು, ಅವರ್ಸಾದಲ್ಲಿ ಇಳಿಯುವಾಗ ಅವರು ನಿಮ್ಮ ಅತ್ತೆಯಾಗಿರುತ್ತಾರೆ. ಇಂಥ ಹೆದ್ದಾರಿಯ ಮೇಲೆ ಹಿಂದು ಮುಂದಿಲ್ಲದ ವೀರ ಹೆಗಲಿಗೆ ಕತ್ತಿ ಹಾಕಿಕೊಂಡು ಎಷ್ಟು ದೂರ ಹೋದಾನು?

ಅಕ್ಕನೇ ಮೊದಲು ಕೇಳಿದವಳೂ ಅಲ್ಲ. ಹಸ್ತಿನಾವತಿಯ ಅಸ್ತ್ರಪರೀಕ್ಷೆಯ ರಂಗದಲ್ಲಿ ಕರ್ಣ ಬಂದು ನಿಂತಾಗ ಅವನ ಬಲ ಎಷ್ಟು, ಚುರುಕು ಎಷ್ಟು ಎಂದು ಯಾರೂ ಕೇಳಲಿಲ್ಲ. ಅವನ್ನೆಲ್ಲ ಕಣ್ಣಾರೆ ಕಂಡಿದ್ದರು. ಕೃಪಾಚಾರ್ಯ ಎದ್ದು ಕೇಳಿದ್ದು ಕುಲ ಯಾವುದು, ತಂದೆ ತಾಯಿ ಯಾರು ಎಂದು. ಕರ್ಣನ ತಲೆ ಬಾಗಿತು. ದುರ್ಯೋಧನ ಏನು ಮಾಡಿದ? ಆಟ ನಡೆಯುತ್ತಿರುವಾಗಲೇ ಹಾಳೆ ತಿದ್ದಿ, ಅಂಗರಾಜ ಎಂದು ಬರೆದುಕೊಟ್ಟ. ಪೂರ್ವಕಥೆಯ ಚೌಕ ಖಾಲಿ ಬಿಟ್ಟದ್ದರ ಬೆಲೆಯನ್ನು ಹದಿನೆಂಟು ಪರ್ವ ತೆರಬೇಕಾಯಿತು. ತಾಳಮದ್ದಲೆಯವರು ಕರ್ಣನನ್ನು ಇಂದಿಗೂ ಬಿಡದೆ ಕೂರಿಸಿಕೊಂಡಿರುವುದು ಆ ಖಾಲಿ ಚೌಕದ ದೆಸೆಯಿಂದಲೇ. ಎಲ್ಲ ತಿಳಿದ ಕರ್ಣನಿಗೆ ಮಾತನಾಡಲು ಏನಿತ್ತು?

ತಾಳಮದ್ದಲೆಗೂ ಈ ಆಟಕ್ಕೂ ಎಷ್ಟು ಹೋಲಿಕೆಯೋ ಅಷ್ಟೇ ವ್ಯತ್ಯಾಸ. ಅಲ್ಲಿ ಪಾತ್ರವನ್ನು ನೀವು ಮಾಡಿಕೊಳ್ಳುವುದಿಲ್ಲ, ಅದು ಮೊದಲೇ ಇರುತ್ತದೆ, ನಿಮಗೆ ಬರುತ್ತದೆ. ನಮ್ಮ ಅಂಕೋಲೆಯ ಕಡೆಯ ಹವ್ಯಾಸಿ ಕೂಟಗಳಲ್ಲಿ ಕೃಷ್ಣ, ಕೌರವರೆಲ್ಲ ವಕೀಲರಿಗೂ ಮಾಸ್ತರರಿಗೂ ಹೋಗಿ, ನನಗೆ ಸಿಗುತ್ತಿದ್ದುದು ದ್ರೌಪದಿಯನ್ನು ಕರೆಯಲು ಹೋಗುವ ಪ್ರಾತಿಕಾಮಿ. ಅದರಲ್ಲೂ ನಾಲ್ಕು ಮಾತು ಹೆಚ್ಚು ಆಡಿದರೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಿದ್ದರು. ಮುಗಿಯುವುದು ಹೇಗೆ ಎಂದು ಎಲ್ಲರಿಗೂ ಗೊತ್ತು. ವಾಲಿಗೆ ಬಾಣ ನಾಟಿಯೇ ನಾಟುತ್ತದೆ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತು ಎದುರಿನ ರಾಮನಿಗೆ ಒಂದೊಂದೇ ಪ್ರಶ್ನೆ ಹಾಕುತ್ತಿದ್ದರೆ ಸತ್ತವರು ಯಾರು, ಗೆದ್ದವರು ಯಾರು ಎಂದು ಸಭೆಗೆ ಅನುಮಾನ ಬರುತ್ತಿತ್ತು. ಅಮೆರಿಕದ ಆಟದಲ್ಲಿ ದಾಳ ಒಳ್ಳೆಯದು ಬಿದ್ದರೆ ವಾಲಿ ಬದುಕಿಕೊಂಡು ಕಿಷ್ಕಿಂಧೆಗೆ ಹೋಗಿ ಊಟ ಮಾಡಬಹುದು. ಅದೊಂದು ಆಕರ್ಷಣೆಯೇ ಸರಿ. ಆದರೆ ಬದುಕುತ್ತೇನೆಂಬ ಆಸೆ ಇದ್ದ ವಾಲಿ ಅಷ್ಟು ಚೆನ್ನಾಗಿ ಮಾತಾಡುತ್ತಿರಲಿಲ್ಲ.

ಹೋಳಿಯ ಹೊತ್ತಿಗೆ ನಮ್ಮ ಬೆಳಂಬಾರದ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ. ತುರಾಯಿ ಕಟ್ಟಿ ಕುಣಿಯುವವರ ಜೊತೆ ಹಗಣದ ವೇಷಗಳೂ ಬರುತ್ತವೆ. ವೇಷ ಯಾವುದಾದರೇನು, ಒಳಗಿರುವವ ಯಾರ ಮನೆಯವ ಎಂದು ಸುತ್ತ ನಿಂತವರಿಗೆಲ್ಲ ತಿಳಿದಿರುತ್ತದೆ. ತಿಳಿದಿರುವುದರಿಂದಲೇ ನಗು. ಗುರುತು ಸಿಗದ ವೇಷಕ್ಕೆ ಮಕ್ಕಳು ಹೆದರಿಯಾರು, ದೊಡ್ಡವರು ನಗುವುದಿಲ್ಲ. ಈ ಮಾತನ್ನು ಅಳಿಯನಿಗೆ ಹೇಳಿದೆ. ಅವನು ಥಾಲಿಯನ್ ಎಂಬುದನ್ನು ರಬ್ಬರಿನಿಂದ ಅಳಿಸಿದ.

ವೀರನ ಹೆಸರು ಬೀರಣ್ಣ ಎಂದಾಯಿತು. ಅದು ಅವನ ಅಜ್ಜನ ಹೆಸರು ಎಂದಳು ಅಕ್ಕ. ಅಜ್ಜ ಯಾರೆಂದು ಇನ್ನೂ ನಿಶ್ಚಯವಾಗಿರಲಿಲ್ಲ. ಮೂಲಮನೆ ಅವರ್ಸಾ, ತಾಯಿಯ ತವರು ಹಿಚ್ಕಡ, ಅವನ ಅಕ್ಕನನ್ನು ಕೊಟ್ಟದ್ದು ಶೆಟಗೇರಿಗೆ. ತಂದೆ ತಾಯಿ ಇಬ್ಬರನ್ನೂ ಬದುಕಿಸಲಾಯಿತು. ತಂದೆಗೆ ಸ್ವಲ್ಪ ಮಂಡಿನೋವು ಮಾತ್ರ. ಸೋದರಮಾವ ಒಬ್ಬ ಬೇಕೇ ಬೇಕು ಎಂದು ಅಕ್ಕ ಪಟ್ಟು ಹಿಡಿದಳು. ಬೀರಣ್ಣನನ್ನು ಆಡುವವ ನಾನು. ಮಾವನ ಪಾತ್ರ ಭಾವನಿಗೆ ಹೋಯಿತು. ಸಾಧ್ಯತೆಗಳ ಲೆಕ್ಕ ಬಾಯಿಪಾಠವಿರುವ ಮನುಷ್ಯನ ಕೈಗೆ ದಾಳ ಕೊಟ್ಟು ಸೋದರಮಾವ ಎಂದು ಕರೆದರೆ ಏನಾಗುತ್ತದೆ ಎಂದು ವ್ಯಾಸರು ಆಗಲೇ ಬರೆದಿಟ್ಟಿದ್ದಾರೆ. ನಾನು ಬಾಯಿ ಬಿಡಲಿಲ್ಲ.

ಹಾಳಾದ ಊರಿನ ವಿಷಯ ಉಳಿದಿತ್ತು. ಬೂದಿಯಾದ ಊರು ಎಂಬುದಾದರೂ ಇರಲಿ ಎಂದು ಅಳಿಯ ಬೇಡಿಕೊಂಡ. ಚಹಾಕ್ಕೆ ಬಂದಿದ್ದ ಪಕ್ಕದ ಮನೆಯವರು ಅರ್ಗಾದ ಮೂಲದವರು. 1986ರಲ್ಲಿ ರಾಜೀವ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಎದ್ದುಬಂದ ಸಾವಿರಾರು ಕುಟುಂಬಗಳಲ್ಲಿ ಅವರದೂ ಒಂದು. ಹಾಳೆಯ ಮೇಲೆ ಕಣ್ಣಾಡಿಸಿ, "ಊರು ಹೋಗಲಿಕ್ಕೆ ಡ್ರ್ಯಾಗನ್ ಎಲ್ಲ ಬೇಡ ಮಾರಾಯಾ, ಒಂದು ನೋಟೀಸು ಸಾಕು" ಎಂದರು. ಡ್ರ್ಯಾಗನ್ ಪರಿಹಾರ ಕೊಟ್ಟಿದೆಯೇ, ಕೊಟ್ಟಿದ್ದರೆ ಗುಂಟೆಗೆ ಎಷ್ಟು ಎಂದೂ ವಿಚಾರಿಸಿದರು. ಅಳಿಯ ಆ ಸಾಲನ್ನೂ ಅಳಿಸಿದ.

ಆಮೇಲೆ ಬಂದದ್ದು ನಡತೆಯ ಚೌಕ. ಈ ಆಟದಲ್ಲಿ ಪ್ರತಿಯೊಬ್ಬನೂ ಒಳ್ಳೆಯವನೋ, ಕೆಟ್ಟವನೋ, ನಡುವಿನವನೋ, ಕಾನೂನಿಗೆ ನಡೆಯುವವನೋ, ಮೀರುವವನೋ, ನಡುವಿನವನೋ ಎಂದು ಗುರುತು ಹಾಕಬೇಕು. ಮೂರು ಮೂರಲಿ ಒಂಬತ್ತು ಮನೆ. 1974ರಲ್ಲಿ ಮೂರೇ ಮನೆ ಇದ್ದದ್ದು: ಕಾನೂನು, ಗೊಂದಲ, ಮಧ್ಯಮ. ಒಳ್ಳೆಯದು ಕೆಟ್ಟದ್ದು ಆಮೇಲೆ ಸೇರಿದ್ದು. ಬೀರಣ್ಣ ಒಳ್ಳೆಯವ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಕಾನೂನಿಗೆ ನಡೆಯುವವನೇ? ಭಾವ ಹೌದೆಂದರು. ನಾನು ಅಂಕೋಲೆಯವ, ಸುಮ್ಮನಿರಲಾಗಲಿಲ್ಲ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರು ನಮ್ಮೂರಿನಲ್ಲಿ ಉಪ್ಪಿನ ಕಾನೂನು ಮುರಿದಾಗ ಊರಿಗೆ ಊರೇ ಅವರ ಹಿಂದಿತ್ತು. ಮತ್ತೆರಡು ವರ್ಷಕ್ಕೆ ಕರನಿರಾಕರಣೆ. ಗದ್ದೆ ಜಪ್ತಿಯಾಯಿತು, ಹಂಡೆ ತಪ್ಪಲೆ ಜಪ್ತಿಯಾಯಿತು, ಹಸು ಕರು ಜಪ್ತಿಯಾಯಿತು. ಕರ್ನಾಟಕದ ಬಾರ್ಡೋಲಿ ಎಂದು ನಮ್ಮ ತಾಲೂಕಿಗೆ ಹೆಸರು ಬಂದದ್ದು ಕಾನೂನು ಪಾಲಿಸಿದ್ದಕ್ಕಲ್ಲ. ಆ ಕಾಲದ ಅಂಕೋಲೆಯಲ್ಲಿ ಜೈಲಿಗೆ ಹೋಗದವನಿಗೆ ಹೆಣ್ಣು ಕೊಡಲು ಯೋಚಿಸುತ್ತಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು, ಅಜ್ಜ ಜೈಲಿಗೆ ಹೋದವನಾದ್ದರಿಂದ ಆ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇದ್ದರೂ ಇದ್ದೀತು.

"ಹಾಗಾದರೆ ಕಾನೂನು ಮೀರುವ ಒಳ್ಳೆಯವ ಅಂತ ಬರೆಯಲಾ?" ಎಂದ ಅಳಿಯ.

"ಬ್ರಿಟಿಷರಿಗೆ ಮಾತ್ರ ಅಂತ ಬರಿ. ಹೆಲ್ಮೆಟ್ ಹಾಕಿಕೊಳ್ಳುವುದಕ್ಕೆ ಇದು ಅನ್ವಯಿಸುವುದಿಲ್ಲ" ಎಂದಳು ಅಕ್ಕ.

ಒಂಬತ್ತು ಮನೆಗಳ ಹೊರಗೆ, ಅಂಚಿನಲ್ಲಿ, ಬೀರಣ್ಣನ ನಡತೆ ಸಣ್ಣ ಅಕ್ಷರದಲ್ಲಿ ಬರೆಯಲ್ಪಟ್ಟಿತು.

ವೃತ್ತಿ ಆರಿಸುವುದರಲ್ಲಿ ನಾನು ಯೋಧ ಎಂದೆ. ಭಾವ ಮಂತ್ರವಾದಿಯ ಪಟ್ಟಿ ಓದಿ ನೋಡಿದರು. ಮೊದಲ ಮೆಟ್ಟಿಲಿನ ಮಂತ್ರವಾದಿಗೆ ಪ್ರಾಣದ ಅಂಕ ಆರೋ ಏಳೋ. ಒಂದು ಬೆಕ್ಕು ಪರಚಿದರೆ ಒಂದು ಅಂಕ ನಷ್ಟ. ಕಾರವಾರದ ಮೀನು ಮಾರುಕಟ್ಟೆಯನ್ನು ಅವನು ಜೀವಂತ ದಾಟುವುದಿಲ್ಲ ಎಂದು ತೀರ್ಪಾಯಿತು. ಯೋಧನಿಗೆ ಬಡ್ತಿಯ ಕ್ರಮ ಇದೆ: ಒಂದರಿಂದ ಇಪ್ಪತ್ತು ಮೆಟ್ಟಿಲು, ಎರಡನೆಯದಕ್ಕೆ 300 ಅನುಭವದ ಅಂಕ, ಇಪ್ಪತ್ತನೆಯದಕ್ಕೆ 3,55,000. ಭಾವನಿಗೆ ಇದು ಬಹಳ ಹಿಡಿಸಿತು. ವೇತನಶ್ರೇಣಿಯನ್ನು ಇಷ್ಟು ಖಚಿತವಾಗಿ ಯಾವ ಇಲಾಖೆಯೂ ಬರೆದಿಟ್ಟಿಲ್ಲ. ನಿವೃತ್ತಿಯ ವಯಸ್ಸು, ಪಿಂಚಣಿ ಎರಡೂ ಇಲ್ಲ ಎಂದು ತಿಳಿದ ಮೇಲೆ ಉತ್ಸಾಹ ಅರ್ಧಕ್ಕರ್ಧ ಇಳಿಯಿತು.

ಸಾಮಾನಿನ ಪಟ್ಟಿಯನ್ನು ಅಕ್ಕ ಯಾರಿಗೂ ಬಿಡಲಿಲ್ಲ. ಪುಸ್ತಕದ ಪ್ರಕಾರ ಹೊರಡುವವನ ಚೀಲದಲ್ಲಿ ಹಾಸಿಗೆ, ಹತ್ತು ಪಂಜು, ಹತ್ತು ದಿನದ ಒಣ ಆಹಾರ, ನೀರಿನ ಚೀಲ, 50 ಅಡಿ ನಾರಿನ ಹಗ್ಗ. ಕೊಡೆ ಇಲ್ಲ! ಡ್ರ್ಯಾಗನ್ನಿನ ಬೆಂಕಿಗೆ ಇಷ್ಟೆಲ್ಲ ನಿಯಮ ಬರೆದವರಿಗೆ ಜುಲೈ ತಿಂಗಳ ಮಳೆಗೆ ಒಂದು ಸಾಲು ಬರೆಯುವುದಾಗಲಿಲ್ಲ. ಪಂಜು ಒಂದು ಗಂಟೆ ಉರಿಯುತ್ತದೆ ಎಂಬ ನಿಯಮವನ್ನು ಭಾವ ತಿರಸ್ಕರಿಸಿದರು, ಕಡ್ಡಿಪೆಟ್ಟಿಗೆಯೇ ಮೆತ್ತಗಾಗಿರುವ ಮನೆಯಲ್ಲಿ ಕೂತು ಅಂಥದ್ದನ್ನು ಹೇಗೆ ನಂಬುವುದು? ಒಣ ಆಹಾರದ ಜಾಗದಲ್ಲಿ ಅಕ್ಕ ಒಣ ಬಂಗಡೆ, ಕುಚ್ಚಲಕ್ಕಿ, ಮುರುಗಲ ಹುಳಿ, ಒಂದು ಸಣ್ಣ ಭರಣಿ ಉಪ್ಪಿನಕಾಯಿ ಬರೆಸಿದಳು. ಕರಿ ಇಶಾಡ ಮಾವು ಬರೆಸಬೇಕೆಂದು ನನ್ನ ಹಟ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕ ನಮ್ಮ ಅಂಕೋಲೆಯ ಹಣ್ಣು ಅದು. ಆದರೆ ಅದರ ಕಾಲ ಮುಗಿದಿತ್ತು, ಇದ್ದರೂ ಬಹಳ ದಿನ ತಡೆಯುವ ಹಣ್ಣಲ್ಲ. ಒಣಮೀನಿನ ವಾಸನೆಗೆ ಡ್ರ್ಯಾಗನ್ ಎದ್ದುಬಿಡುತ್ತದೆ ಎಂದು ಅಳಿಯ ಹೆದರಿಸಿದ. "ಏಳಲಿ. ಎರಡು ಸುಟ್ಟುಕೊಡು. ಬೆಂಕಿ ಅದರ ಹತ್ತಿರವೇ ಇದೆಯಲ್ಲ" ಎಂದಳು.

ಹೀಗೆ ಬೀರಣ್ಣ ಸಿದ್ಧನಾದ. ಹಾಳೆ ಸಾಲದೆ ಅಕ್ಕನ ಹಳೆಯ ಲೆಕ್ಕದ ಪುಸ್ತಕದ ಮೂರು ಪುಟ ಸೇರಿದ್ದವು. ಒಂದರಲ್ಲಿ ವಂಶಾವಳಿ, ಒಂದರಲ್ಲಿ ಯಾರ ಯಾರ ಮನೆಗೆ ಹೋಗಬಾರದು ಎಂಬ ಪಟ್ಟಿ, ಕಾರಣಸಹಿತ.

ಆಡಲು ಕೂತದ್ದು ಒಂದು ಭಾನುವಾರ. ಅಳಿಯನ ಶಾಲೆಯ ಗೆಳೆಯರಿಬ್ಬರು ಕಾಳಿ ಸೇತುವೆ ದಾಟಿ ಬಂದಿದ್ದರು, ಒಬ್ಬ ಸದಾಶಿವಗಡದವ, ಒಬ್ಬ ಮಾಜಾಳಿಯವ. ಅಳಿಯ ಧ್ವನಿ ಗಂಭೀರ ಮಾಡಿ, "ನೀವೆಲ್ಲ ಒಂದು ಪಾನಗೃಹದಲ್ಲಿ ಕೂತಿದ್ದೀರಿ" ಎಂದು ಪ್ರಸಂಗ ಎತ್ತಿದ. ಅರ್ಧದಷ್ಟು ಸಾಹಸಗಳು ಶುರುವಾಗುವುದೇ ಅಲ್ಲಿಂದಂತೆ. ಅಕ್ಕ ಸುಮ್ಮನೆ ಮಗನ ಮುಖ ನೋಡಿದಳು. "ಚಾದಂಗಡಿಯಲ್ಲಿ" ಎಂದು ತಿದ್ದಿಕೊಂಡ. ಬನ್ಸು ಭಾಜಿ ಬಂತು. ಹೊರಗೆ ಗಾಳಿ, ಮಳೆ. ಕಪ್ಪು ನಿಲುವಂಗಿಯ ಮುದುಕನೊಬ್ಬ ಒಳಗೆ ಬಂದ, ಹಳೆಯ ನಕ್ಷೆಯೊಂದನ್ನು ಮೇಜಿನ ಮೇಲೆ ಬಿಡಿಸಿದ, "ಬೆಟ್ಟದ ಗುಹೆಯಲ್ಲಿ ನಿಧಿ ಇದೆ" ಎಂದ.

ಬೆಂಗಳೂರಿನವರಾದರೆ ನಕ್ಷೆ ಹಿಡಿದು ಎದ್ದು ಹೊರಡುತ್ತಿದ್ದರು. ಸೋದರಮಾವ ಮುದುಕನನ್ನು ಕೂರಿಸಿ ಚಹಾ ಹೇಳಿದ. ನಕ್ಷೆ ಯಾವ ಸರ್ವೆ ನಂಬರಿನದು, ಬೆಟ್ಟ ಅರಣ್ಯ ಇಲಾಖೆಯದೋ ಕಂದಾಯದ್ದೋ, ನಿಧಿ ಸಿಕ್ಕರೆ ಪಾಲು ಹೇಗೆ, ಇಷ್ಟು ಗಟ್ಟಿ ಮಾಹಿತಿ ಇದ್ದವ ತಾನೇ ಏಕೆ ಹೋಗಲಿಲ್ಲ? ಅಳಿಯ ಪುಸ್ತಕ ತಿರುವಿ ಹಾಕಿದ. ಮುದುಕನಿಗೆ ಅವನು ಹೆಸರನ್ನೂ ಇಟ್ಟಿರಲಿಲ್ಲ. ಅಕ್ಕ ಅಡುಗೆಮನೆಯಿಂದಲೇ ಮುದುಕನ ಹೆಂಡತಿಯ ತವರು ವಿಚಾರಿಸಿದಳು. ಬಾಯಿಗೆ ಬಂದದ್ದು ಬೆಳಸೆ, ಅಳಿಯ ಹಾಗೆಂದ. ಬೆಳಸೆಯಲ್ಲಿ ಯಾರ ಮನೆ? ಹೊತ್ತು ಮುಳುಗುವಷ್ಟರಲ್ಲಿ ಮುದುಕ ಬೀರಣ್ಣನಿಗೆ ದೂರದಿಂದ ಅಜ್ಜನಾಗಿದ್ದ, ಕಪ್ಪು ನಿಲುವಂಗಿ ಒಗೆಯಲು ಬಿದ್ದಿತ್ತು, ಮಾಜಾಳಿಯ ಗೆಳೆಯನ ಬಿಲ್ಲುಗಾರ ಚಾದಂಗಡಿಯ ಹೊರಗೆ ಮಳೆ ನೋಡುತ್ತ ನಿಂತಿದ್ದ.

ಡ್ರ್ಯಾಗನ್ನಿನ ಮುಂದೆ ನಾವು ನಿಂತದ್ದು ಆಗಸ್ಟಿನಲ್ಲಿ, ದೋಣಿಗಳು ಕಡಲಿಗಿಳಿದ ಮೇಲೆ. ಕತ್ತಿ ಹಿರಿಯುವ ಬದಲು ಬೀರಣ್ಣ ಸಂಧಾನಕ್ಕೆ ಕೂತ. ವರ್ಚಸ್ಸು 16 ಇದ್ದದ್ದು ಮತ್ತೇಕೆ? ಇಷ್ಟು ವರ್ಷ ಪ್ರಾತಿಕಾಮಿಯಾಗಿ ಗಂಟಲಲ್ಲೇ ಉಳಿದ ಮಾತೆಲ್ಲ ಹೊರಗೆ ಬಂತು. ಸಂಪತ್ತು ಎಂದರೇನು, ಕಾಯುವವನು ಒಡೆಯನೋ ಆಳೋ, ಬೆಂಕಿ ಉಗುಳುವವನ ಒಡಲಲ್ಲಿ ತಂಪಿಗೆ ಜಾಗ ಎಲ್ಲಿ ಎಂದೆಲ್ಲ ಅರ್ಥ ಹೇಳಿದೆ. ಸದಾಶಿವಗಡದ ಗೆಳೆಯ ಎರಡು ಸಲ ಊಟದ ತಟ್ಟೆ ನೋಡಿದ. ಅಳಿಯ ಲೋಟಕ್ಕೆ ಚಮಚ ಬಡಿದು, "ಮಾವ, ಈಗ ದಾಳ ಎಸೆಯಿರಿ" ಎಂದ. ಅರ್ಥಧಾರಿ ತನ್ನ ಮಾತಿನ ತೂಕವನ್ನು ದಾಳಕ್ಕೆ ಬಿಟ್ಟದ್ದುಂಟೆ? ಒಪ್ಪಲಿಲ್ಲ. ಸೋದರಮಾವನೇ ಎಸೆದರು. ಇಪ್ಪತ್ತರಲ್ಲಿ ಮೂರು ಬಿತ್ತು. ಡ್ರ್ಯಾಗನ್ನಿಗೆ ಏನೂ ನಾಟಲಿಲ್ಲ ಎಂದು ಅಳಿಯ ಘೋಷಿಸಿದ. ಸಭೆಯಲ್ಲಿ ಅಂಥವರು ಇರುತ್ತಾರೆ. ಅಷ್ಟರಲ್ಲಿ ಅಕ್ಕ ಹಸಿ ಬಂಗಡೆಯ ಸಾರು ಬಡಿಸಿದ್ದರಿಂದ ಯುದ್ಧ ಮುಂದಕ್ಕೆ ಹೋಯಿತು.

ಅಳಿಯ ಬೆಂಗಳೂರಿಗೆ ಮರಳಿದ. ಬೀರಣ್ಣನ ಹಾಳೆಗಳನ್ನು ಅಲ್ಲಿಯ ಗೆಳೆಯರಿಗೆ ತೋರಿಸಿದನಂತೆ. ಅವರ ವೀರರು ತಿಂಗಳಿಗೊಬ್ಬ ಸಾಯುತ್ತಾರೆ, ಯಾರೂ ಕೇಳುವವರಿಲ್ಲ, ಮರುವಾರ ಹೊಸ ಹಾಳೆ. ತಮ್ಮವರಿಗೂ ಹೀಗೊಂದು ಮನೆತನ ಮಾಡಿಕೊಡಲು ಆಂಟಿ ಒಪ್ಪುತ್ತಾರೆಯೇ ಎಂದು ಕೇಳಿಸಿದರು. ಅಕ್ಕ ಮಧ್ಯಾಹ್ನದ ಹೊತ್ತು ಫೋನಿನಲ್ಲಿ ಈಗ ಅದೇ ಕೆಲಸದಲ್ಲಿದ್ದಾಳೆ. ಇಬ್ಬರು ಅನಾಥ ಯೋಧರಿಗೆ ಚಿಕ್ಕಿಯರು ಸಿಕ್ಕಿದ್ದಾರೆ. ಒಬ್ಬ ಕಳ್ಳನನ್ನು ಹೈಸ್ಕೂಲು ಮುಗಿಸಲು ಹಚ್ಚಿದ್ದಾಳೆ. ತೊಡಕಾಗಿರುವುದು ಎಲ್ಫ್ ಕುಲದ ಬಿಲ್ಲುಗಾತಿಯೊಬ್ಬಳದು. ವಯಸ್ಸು ನೂರ ಇಪ್ಪತ್ತು, ಆ ಕುಲದಲ್ಲಿ ಅದು ಈಗಷ್ಟೇ ಪ್ರಾಯಕ್ಕೆ ಬಂದ ಲೆಕ್ಕ. ನೋಡಲು ಲಕ್ಷಣ, ಗುಣವೂ ಒಳ್ಳೆಯದು, ಅಕ್ಕ ಗಂಡು ಹುಡುಕುತ್ತಿದ್ದಾಳೆ. ಭಾವ ಮಾತ್ರ ಪೇಪರಿನ ಅಂಚಿನಲ್ಲಿ ಬರೆದು ನೋಡಿ ತಲೆ ಅಲ್ಲಾಡಿಸುತ್ತಾರೆ. ಆ ಜಾತಿಯ ಆಯುಸ್ಸು 750 ವರ್ಷ, ಶನಿ ಒಂದು ಸುತ್ತು ಬರಲು ಸುಮಾರು ಮೂವತ್ತು. ಇಪ್ಪತ್ತೈದು ಸಾಡೇಸಾತಿ ಇರುವ ಜಾತಕವನ್ನು ಯಾವ ಗಂಡಿನ ಕಡೆಯವರು ತಿರುಗಿ ಕೊಡದೆ ಇಟ್ಟುಕೊಳ್ಳುತ್ತಾರೆ ಎಂದು ಅವರ ಪ್ರಶ್ನೆ.